ವಯಸ್ಸು ಕೇಳುವುದನ್ನು ಬಿಟ್ಟು ಮಗುವನ್ನು ತೂಗಿ ನೋಡಿ: ಗಿರಿಧಾಮ ನಡೆಸುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಗಿರಿಧಾಮಗಳ ಆಡಳಿತಾಧಿಕಾರಿಗಳು, ಪ್ರವಾಸೋದ್ಯಮದ ಹೊಣೆ ಹೊತ್ತವರು, ಹಾಗೂ ಜಿಪ್‌ಲೈನ್, ರೋಪ್‌ವೇ, ದೋಣಿವಿಹಾರ, ಕುದುರೆ ಸವಾರಿ, ಆಟದ ಅಂಗಳ ನಡೆಸುವ ಎಲ್ಲರಿಗೆ

ವಿಷಯ: ಮಕ್ಕಳ ಚಟುವಟಿಕೆಗಳಲ್ಲಿ ವಯಸ್ಸಿನ ಬದಲು ತೂಕ, ಎತ್ತರಗಳ ಅಳತೆ ಜಾರಿಗೆ ತರುವ ಬಗ್ಗೆ

ಮಾನ್ಯರೇ,

ರಜೆ ಬಂತೆಂದರೆ ಘಾಟಿ ಹತ್ತಿ ನಿಮ್ಮೂರಿಗೆ ಬರುವ ಗಾಡಿಗಳಲ್ಲಿ ಮಕ್ಕಳಿಲ್ಲದ ಗಾಡಿ ಅಪರೂಪ. ನಿಮ್ಮ ಜಿಪ್‌ಲೈನು, ಪೆಡಲ್ ಬೋಟು, ಕುದುರೆ ಸವಾರಿ, ರೋಪ್‌ವೇಗಳ ಮುಂದೆ ಸಾಲು ಬೆಳೆಯುವುದು ಹೆಚ್ಚಾಗಿ ಆ ಮಕ್ಕಳ ಹಟದಿಂದಲೇ. ಹೀಗಿದ್ದೂ ಟಿಕೆಟ್ ಕಿಟಕಿಯ ಮೇಲಿನ ಫಲಕದಲ್ಲಿ ಅವರ ಬಗ್ಗೆ ಕಾಣುವುದು ಎರಡೇ ಸಾಲು: ಇಷ್ಟು ವರ್ಷದೊಳಗಿನವರಿಗೆ ಅರ್ಧ ಟಿಕೆಟ್, ಇಷ್ಟು ವರ್ಷ ಮೇಲ್ಪಟ್ಟವರಿಗೆ ಮಾತ್ರ ಪ್ರವೇಶ. ನಮ್ಮ ತಕರಾರು ಈ ಎರಡನೇ ಸಾಲಿನ ಮೇಲೆ.

ಟಿಕೆಟ್ ದರ ಗೊತ್ತುಮಾಡಲು ವಯಸ್ಸು ಸಾಕು. ಸುರಕ್ಷತೆ ಗೊತ್ತುಮಾಡಲು ಸಾಲದು. ಏಳು ವರ್ಷದ ಇಬ್ಬರು ಮಕ್ಕಳಲ್ಲಿ ಒಬ್ಬ 18 ಕಿಲೊ, ಇನ್ನೊಬ್ಬಳು 30 ಕಿಲೊ ಇರಬಹುದು, ಇಬ್ಬರೂ ಆರೋಗ್ಯವಂತರೇ. ಹಗ್ಗಕ್ಕೆ, ಬಕಲ್‌ಗೆ, ಲೈಫ್ ಜಾಕೆಟ್ಟಿಗೆ, ಕುದುರೆಯ ಬೆನ್ನಿಗೆ ಲೆಕ್ಕಕ್ಕೆ ಬರುವುದು ತೂಕ, ಎತ್ತರ, ಸೊಂಟದ ಸುತ್ತಳತೆ. ಸಲಕರಣೆ ತಯಾರಿಸಿದವರ ಕೈಪಿಡಿಯಲ್ಲಿ ಇರುವುದೂ ಈ ಅಳತೆಗಳೇ. ಅವು ಕಚೇರಿಯ ಕಪಾಟಿನಲ್ಲಿ ಉಳಿದು, ಫಲಕದ ಮೇಲೆ ವಯಸ್ಸು ಬಂದು ಕೂತಿರುವುದೇ ಮುಂದೆ ಹೇಳುವ ಬಹುತೇಕ ತೊಂದರೆಗಳ ಮೂಲ.

ಮೊದಲು ಜಿಪ್‌ಲೈನ್. ಇಳಿಜಾರು ತಂತಿಯ ಮೇಲೆ ಪುಲ್ಲಿ ಉರುಳುವಾಗ ಸವಾರನನ್ನು ಮುಂದಕ್ಕೆ ಒಯ್ಯುವುದು ಅವನ ತೂಕ, ಹಿಂದಕ್ಕೆ ಹಿಡಿಯುವುದು ಪುಲ್ಲಿಯ ಘರ್ಷಣೆ ಮತ್ತು ಗಾಳಿಯ ತಡೆ. ಘರ್ಷಣೆ ತೂಕದ ಜೊತೆಗೇ ಹೆಚ್ಚು ಕಡಿಮೆಯಾಗುತ್ತದೆ, ಗಾಳಿಯ ತಡೆ ಹಾಗಲ್ಲ. ಆದ್ದರಿಂದ ಭಾರದವರು ಜೋರಾಗಿ ಬಂದು ಬ್ರೇಕಿಗೆ ಬಡಿಯುತ್ತಾರೆ; ಹಗುರ ಮಗು ಎದುರುಗಾಳಿಗೆ ಸಿಕ್ಕರೆ ತಂತಿ ಜೋತುಬಿದ್ದ ಕಡೆ, ಕಣಿವೆಯ ನಡುವೆಯೇ ನಿಂತುಬಿಡುತ್ತದೆ. ಎಷ್ಟೋ ಕಡೆ ಫಲಕದಲ್ಲಿ ಗರಿಷ್ಠ ತೂಕ ಬರೆದಿರುತ್ತದೆ, ಕನಿಷ್ಠ ತೂಕ ಇರುವುದಿಲ್ಲ. ಮಕ್ಕಳ ಮಟ್ಟಿಗೆ ಬೇಕಾದದ್ದು ಕನಿಷ್ಠ ತೂಕವೇ. ಅದೂ ಎಲ್ಲ ದಿನಕ್ಕೂ ಒಂದೇ ಅಲ್ಲ: ಬೆಳಗಿನ ನಿಶ್ಚಲ ಗಾಳಿಯಲ್ಲಿ ದಾಟಿಹೋಗುವ ಮಗು ಮಧ್ಯಾಹ್ನ ಕಣಿವೆಯಿಂದ ಗಾಳಿ ಎದ್ದಾಗ ದಾಟಲಾರದು.

ನಡುವೆ ನಿಂತ ಮಗುವಿನ ಬಳಿಗೆ ನಿಮ್ಮ ಸಿಬ್ಬಂದಿ ತಂತಿ ಹಿಡಿದು ಹೋಗಿ ಎಳೆದು ತರಬೇಕು. ಅದಕ್ಕೆ ಬೇರೆ ಪುಲ್ಲಿ, ಎಳೆಯುವ ಹಗ್ಗ, ತರಬೇತಾದ ಒಬ್ಬರು ಇಳಿಯುವ ಕಟ್ಟೆಯ ಮೇಲೆಯೇ ಸಿದ್ಧವಿರಬೇಕು. ಫೋನ್ ಮಾಡಿ ಕರೆಸುತ್ತೇವೆ ಎನ್ನುವುದು ಉತ್ತರವಲ್ಲ. ಹಾರ್ನೆಸ್‌ನಲ್ಲಿ (ದೇಹಕ್ಕೆ ಬಿಗಿಯುವ ಪಟ್ಟಿಗಳ ಕಟ್ಟಿನಲ್ಲಿ) ಅಲುಗಾಡದೆ ನೇತಾಡುತ್ತಿದ್ದರೆ ಕಾಲುಗಳಲ್ಲಿ ರಕ್ತ ತಂಗಿ ತಲೆ ಸುತ್ತುತ್ತದೆ, ಪ್ರಜ್ಞೆಯೂ ತಪ್ಪಬಹುದು. ಹೆದರಿದ ಮಗು ಅಳುತ್ತಾ ಬಕಲ್‌ಗೆ ಕೈ ಹಾಕುವ ಅಪಾಯ ಬೇರೆ. ನಿಲ್ಲಬಾರದೆಂದು ಹಿಂದಿನಿಂದ ಜೋರಾಗಿ ತಳ್ಳಿ ಕಳಿಸುವುದೂ, ಅಪ್ಪನಿಗೋ ಅಮ್ಮನಿಗೋ ಕಟ್ಟಿ ಇಬ್ಬರನ್ನೂ ಒಂದೇ ಪುಲ್ಲಿಯಲ್ಲಿ ಬಿಡುವುದೂ ಕಂಡುಬರುತ್ತಿದೆ. ತಳ್ಳಿದ ಮಗು ಗಿರ್ರನೆ ತಿರುಗಿ, ಕೈ ತಂತಿಗೆ ಅಥವಾ ಪುಲ್ಲಿಗೆ ತಾಗುತ್ತದೆ. ಇಬ್ಬರನ್ನು ಒಟ್ಟಿಗೆ ಬಿಡಬೇಕೆಂದರೆ ಪುಲ್ಲಿಯೂ ಕೊನೆಯ ಬ್ರೇಕೂ ಇಬ್ಬರ ಒಟ್ಟು ತೂಕಕ್ಕೆ, ಆ ವೇಗಕ್ಕೆ ತಯಾರಾಗಿರಬೇಕು. ತಯಾರಕರು ಹಾಗೆಂದು ಬರೆದುಕೊಟ್ಟಿರಬೇಕು.

ಹಾರ್ನೆಸ್ ವಿಚಾರದಲ್ಲಿ ಊಹೆಗೆ ಜಾಗವೇ ಇಲ್ಲ. ಪರ್ವತಾರೋಹಣದ ಹಾರ್ನೆಸ್‌ಗಳಿಗೆ ಇರುವ ಯುರೋಪಿನ ಮಾನದಂಡ ಇಎನ್ 12277 ಅವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಟೈಪ್ ಎ ದೊಡ್ಡವರ ಪೂರ್ಣದೇಹದ್ದು, ಟೈಪ್ ಬಿ 40 ಕಿಲೊವರೆಗಿನವರ ಪೂರ್ಣದೇಹದ್ದು, ಟೈಪ್ ಸಿ ಸೊಂಟದ್ದು, ಟೈಪ್ ಡಿ ಎದೆಯದ್ದು. ಚಿಕ್ಕ ಮಕ್ಕಳಿಗೆಂದೇ ಬೇರೆ ಬಗೆ ಮಾಡಿರುವುದಕ್ಕೆ ಕಾರಣವಿದೆ. ದೊಡ್ಡವರಲ್ಲಿ ಸೊಂಟದ ಮೂಳೆ ಅಗಲವಾಗಿ, ಪಟ್ಟಿ ಕೆಳಗೆ ಜಾರದಂತೆ ತಡೆಯುತ್ತದೆ. ಚಿಕ್ಕ ಮಗುವಿಗೆ ಎದೆಯಿಂದ ತೊಡೆಯವರೆಗೆ ಹೆಚ್ಚುಕಡಿಮೆ ಒಂದೇ ಅಗಲ. ತಲೆಯ ಭಾರವೂ ದೇಹಕ್ಕೆ ಹೋಲಿಸಿದರೆ ಜಾಸ್ತಿ. ಬರೀ ಸೊಂಟದ ಹಾರ್ನೆಸ್ ಹಾಕಿ ಬಿಟ್ಟರೆ ಮಗು ತಲೆಕೆಳಗಾದ ಕ್ಷಣದಲ್ಲಿ ಅದರಿಂದ ಜಾರಿ ಹೊರಬೀಳಬಹುದು. 40 ಕಿಲೊಗಿಂತ ಕಡಿಮೆ ಇರುವ ಯಾವ ಮಗುವನ್ನೂ ಪೂರ್ಣದೇಹದ ಹಾರ್ನೆಸ್ ಇಲ್ಲದೆ ತಂತಿಗೆ ತೂಗುಹಾಕಬೇಡಿ. ದೊಡ್ಡವರ ಹಾರ್ನೆಸ್ಸನ್ನು ಕೊನೆಯ ತೂತಿನವರೆಗೆ ಎಳೆದು, ಉಳಿದ ಪಟ್ಟಿಗೆ ಗಂಟು ಹಾಕಿ ಹೊಂದಿಸುವುದನ್ನು ಇಂದೇ ನಿಲ್ಲಿಸಿ.

ಬೆಟ್ಟದೂರಿನಲ್ಲಿ ಇನ್ನೊಂದು ತೊಡಕು, ಚಳಿ. ಮಗು ಸ್ವೆಟರ್ ಮೇಲೆ ದಪ್ಪ ಜಾಕೆಟ್ ತೊಟ್ಟಿರುತ್ತದೆ, ಪಟ್ಟಿಯನ್ನು ಅದರ ಮೇಲೆಯೇ ಬಿಗಿಯುತ್ತಾರೆ. ಕೈಗೆ ಬಿಗಿಯೆನಿಸುತ್ತದೆ, ಆದರೆ ಭಾರ ಬಿದ್ದೊಡನೆ ಜಾಕೆಟ್ಟಿನೊಳಗಿನ ಹತ್ತಿ ಅಥವಾ ಗರಿ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ. ಜಾಕೆಟ್ ಮೇಲಕ್ಕೆ ಸರಿಸಿ, ತೆಳುವಾದ ಬಟ್ಟೆಯ ಮೇಲೆ ಪಟ್ಟಿ ಬಿಗಿದು, ಆಮೇಲೆ ಜಾಕೆಟ್ ಇಳಿಬಿಡಬೇಕು. ತೊಡೆಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಮಾಡಿದರೆ ಹೋಗಬಾರದು. ಬಳಿಕ ನೆಲದಿಂದ ಒಂದು ಗೇಣು ಮೇಲೆ ಮಗುವನ್ನು ತೂಗುಹಾಕಿ ನೋಡಿ. ಪಟ್ಟಿ ಕಂಕುಳಿಗೆ ಏರಿತೆ, ತೊಡೆಪಟ್ಟಿ ಮಂಡಿಯತ್ತ ಜಾರಿತೆ, ಮಗು ಹಿಂದಕ್ಕೆ ವಾಲಿತೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಒಬ್ಬರು ತೊಡಿಸಬೇಕು, ಇನ್ನೊಬ್ಬರು ಪ್ರತಿ ಬಕಲ್ ಮತ್ತು ಹಾರ್ನೆಸ್ಸನ್ನು ಪುಲ್ಲಿಗೆ ಸಿಕ್ಕಿಸುವ ಲೋಹದ ಕೊಂಡಿಯಾದ ಕ್ಯಾರಾಬಿನರ್‌ನ ತಿರುಪನ್ನು ಕೈಯಿಂದ ಮುಟ್ಟಿ ನೋಡಬೇಕು. ತೊಡಿಸಿದವರೇ ಪರೀಕ್ಷಿಸಿದರೆ ಕಣ್ಣು ತಪ್ಪನ್ನು ದಾಟಿಹೋಗುತ್ತದೆ. ಉದ್ದ ಕೂದಲನ್ನು ಹೆಲ್ಮೆಟ್ಟಿನೊಳಗೆ ಸೇರಿಸಿ, ಮಫ್ಲರ್, ಶಾಲು ತೆಗೆಸಿ. ಪುಲ್ಲಿಗೆ ಸಿಕ್ಕ ಕೂದಲನ್ನು ಬಿಡಿಸುವುದು ತಂತಿಯ ಮೇಲೆ ಬಹಳ ಕಷ್ಟ. ಗೋ-ಕಾರ್ಟ್ ಓಡಿಸುವವರಿಗೂ ಇದೇ ಮಾತು. ಹಿಂದಿನ ಅಚ್ಚಿಗೆ ಸುತ್ತಿಕೊಂಡ ಕೂದಲು ನೆತ್ತಿಯ ಚರ್ಮವನ್ನೇ ಕಿತ್ತುಬಿಡುತ್ತದೆ.

ಹೆಲ್ಮೆಟ್ ಎಲ್ಲದಕ್ಕೂ ಒಂದೇ ಅಲ್ಲ. ಸೈಕಲ್ಲಿನದು ಇಎನ್ 1078, ಬಂಡೆ ಹತ್ತುವವರದು ಇಎನ್ 12492, ಹಿಮದ ಮೇಲೆ ಜಾರುವವರದು ಇಎನ್ 1077. ಒಳಗಿನ ಚೀಟಿಯಲ್ಲಿ ಈ ಸಂಖ್ಯೆ ಇರುತ್ತದೆ, ನೋಡಿ ಕೊಡಿ. ಮುಂಭಾಗ ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಅಂತರದಲ್ಲಿ ಕೂರಬೇಕು. ಹಣೆ ಪೂರಾ ಕಾಣುವಂತೆ ಹಿಂದಕ್ಕೆ ಸರಿದಿದ್ದರೆ ಬಿದ್ದಾಗ ಹಣೆಗೆ ರಕ್ಷಣೆಯೇ ಇಲ್ಲ. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಸೈಕಲ್ ಅಥವಾ ಜಿಪ್‌ಲೈನ್ ಮುಗಿಸಿದ ಮಗು ಹೆಲ್ಮೆಟ್ ತೆಗೆಯದೆ ಜಾರುಬಂಡೆ, ಏಣಿಗಳ ಕಡೆ ಓಡುತ್ತದೆ. ದೇಹ ತೂರುವ ಸಂದಿಯಲ್ಲಿ ಹೆಲ್ಮೆಟ್ ತೂರುವುದಿಲ್ಲ. ತಲೆ ಮೇಲೆ ಸಿಕ್ಕಿ, ದೇಹ ಕೆಳಗೆ ತೂಗಿ, ಗಲ್ಲದ ಪಟ್ಟಿಯೇ ಉರುಳಾಗುತ್ತದೆ. ಈ ಕಾರಣಕ್ಕೇ ಎಳೆಯ ಮಕ್ಕಳಿಗೆ ಭಾರ ಬಿದ್ದರೆ ತಾನಾಗಿ ಬಿಚ್ಚಿಕೊಳ್ಳುವ ಬಕಲ್ಲಿನ ಹೆಲ್ಮೆಟ್‌ಗೆ ಇಎನ್ 1080 ಎಂಬ ಬೇರೆ ಮಾನದಂಡವೇ ಇದೆ. ಆಟದ ಅಂಗಳದ ಬಾಗಿಲಲ್ಲಿ ‘ಹೆಲ್ಮೆಟ್ ತೆಗೆದು ಒಳಗೆ ಬನ್ನಿ’ ಎಂಬ ಫಲಕ ಹಾಕಿ, ಪಕ್ಕದಲ್ಲಿ ಅದನ್ನು ತೂಗುಹಾಕಲು ಗೂಟ ಹೊಡೆಸಿ.

ಆಟದ ಅಂಗಳದ ಮಾತು ಬಂದದ್ದರಿಂದ ಮಕ್ಕಳು ಒಳಗೆ ಕುಣಿಯುವ, ಗಾಳಿ ತುಂಬಿದ ಕೋಟೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇವು ನೆಲದ ಮೇಲೆ ಕೂತಿರುವುದರಿಂದ ನಿರುಪದ್ರವಿ ಎಂಬ ಭಾವನೆ ಇದೆ. ಗಾಳಿಗೆ ಮಾತ್ರ ಅವು ದೊಡ್ಡದೊಂದು ಹಾಯಿ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಗಾಳಿ ಗಂಟೆಗೆ 38 ಕಿ.ಮೀ. ಮೀರಿದರೆ ಇವನ್ನು ಬಳಸಕೂಡದು. ತಯಾರಕರು ಅದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದೇ ಮಿತಿ. ಕನಿಷ್ಠ ಆರು ಕಡೆ ಕಟ್ಟಿರಬೇಕು. ಗೂಟಗಳು ಲೋಹದವು, 380 ಮಿ.ಮೀ. ಉದ್ದ, 16 ಮಿ.ಮೀ. ದಪ್ಪ, ಮೇಲ್ತುದಿ ದುಂಡಗಿರಬೇಕು. ಡಾಂಬರು ಅಥವಾ ಕಾಂಕ್ರೀಟು ನೆಲವಾದರೆ ಪ್ರತಿ ಕಟ್ಟಿಗೂ ಕನಿಷ್ಠ 163 ಕಿಲೊ ಭಾರ. ಈಗ ಗಿರಿಧಾಮಗಳಲ್ಲಿ ಇವುಗಳನ್ನು ಎಲ್ಲಿ ಇಡಲಾಗುತ್ತಿದೆ ನೋಡಿ: ಸಮತಟ್ಟು ಜಾಗ ಸಿಗುವುದು ಗುಡ್ಡದ ನೆತ್ತಿಯಲ್ಲಿ, ಗಾಳಿ ಏಕಾಏಕಿ ನುಗ್ಗುವುದೂ ಅಲ್ಲಿಯೇ. ಎರಡು ಇಟ್ಟಿಗೆ, ಒಂದು ಮರದ ಬುಡ, ಒಂದು ಗಾಡಿಯ ಬಂಪರ್, ಇವಕ್ಕೆ ಕಟ್ಟಿ ಕೋಟೆ ನಿಲ್ಲಿಸಿರುತ್ತಾರೆ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ದುಬಾರಿ ಸಾಧನವೇನಲ್ಲ. ಗಂಟೆಗೊಮ್ಮೆ, ಗಾಳಿ ಬದಲಾದಂತೆ ಕಂಡಾಗಲೆಲ್ಲ ಅಳೆದು ಬರೆದಿಡಿ. ಅಳೆಯುವ ಉಪಕರಣವಿಲ್ಲದವರಿಗೆ ಪರವಾನಗಿ ಕೊಡಬೇಡಿ.

ಒಳಗೂ ತೂಕದ್ದೇ ಪ್ರಶ್ನೆ. ಭಾರದ ಹುಡುಗ ಕುಣಿದು ಇಳಿದಾಗ ಒತ್ತಿದ ಗಾಳಿ ಪಕ್ಕದ ಪುಟ್ಟ ಮಗುವನ್ನು ಅದು ಬಯಸದಷ್ಟು ಎತ್ತರಕ್ಕೆ ಎಸೆಯುತ್ತದೆ. ಟ್ರ್ಯಾಂಪೊಲಿನ್‌ನಲ್ಲಿ ಒಮ್ಮೆಗೆ ಒಬ್ಬರೇ ಎಂಬ ನಿಯಮ ಇದಕ್ಕಾಗಿಯೇ ಇದೆ. ಕೋಟೆಯಲ್ಲಿ ಕನಿಷ್ಠ ಸಮಾನ ಗಾತ್ರದ ಮಕ್ಕಳನ್ನು ಒಂದು ಸರದಿಗೆ ಬಿಡಿ. ವಿದ್ಯುತ್ ಹೋದರೆ ಗಾಳಿ ತುಂಬುವ ಬ್ಲೋವರ್ ನಿಂತು ಗೋಡೆಗಳು ಮಕ್ಕಳ ಮೇಲೆ ಮಡಚಿಕೊಳ್ಳುತ್ತವೆ. ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ಇದ್ದು ಎಲ್ಲರನ್ನೂ ಹೊರಗೆಳೆಯಬೇಕು, ಟಿಕೆಟ್ ಹರಿಯುತ್ತಾ ಕೂತಿರಬಾರದು.

ಹಣ ಕೊಡದೆಯೇ ಎಲ್ಲರೂ ಹೋಗುವ ಜಾಗವೆಂದರೆ ವ್ಯೂ ಪಾಯಿಂಟ್, ಮತ್ತು ಅದರ ನೇರ ಹೊಣೆ ಆಡಳಿತದ್ದು. ಅಲ್ಲಿನ ಕಂಬಿಗಳನ್ನು ದೊಡ್ಡವರ ಎದೆಮಟ್ಟ ನೋಡಿ ಕಟ್ಟಲಾಗಿದೆ. ಅಡ್ಡಡ್ಡ ಮೂರು ಪೈಪು ಹಾಕಿದ ಕಂಬಿ ಮೂರು ವರ್ಷದ ಮಗುವಿಗೆ ಏಣಿ. ಕೆಳಗಿನ ಎರಡು ಪೈಪುಗಳ ನಡುವೆ ಅದೇ ಮಗು ತೂರಿ ಆಚೆ ಹೋಗಬಲ್ಲದು. ಹಲವು ದೇಶಗಳ ಕಟ್ಟಡ ನಿಯಮಗಳು 10 ಸೆಂ.ಮೀ. ಅಗಲದ ಚೆಂಡು ತೂರದಂತೆ ಸಂದಿ ಇರಬೇಕೆಂದು ಹೇಳುವುದು ಎಳೆಮಗುವಿನ ದೇಹದ ಅಳತೆ ನೋಡಿ. ಆಟದ ಸಲಕರಣೆಗಳ ಮಾನದಂಡ ಇನ್ನೂ ಸ್ಪಷ್ಟ: 89 ಮಿ.ಮೀ.ಗಿಂತ ದೊಡ್ಡದಾಗಿ 230 ಮಿ.ಮೀ.ಗಿಂತ ಚಿಕ್ಕದಾದ ಸಂದಿಯಲ್ಲಿ ದೇಹ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಕಂಬಿಗಳು ಅಡ್ಡಡ್ಡವಾಗಿರದೆ ನೆಟ್ಟಗೆ ನಿಲ್ಲುವಂತಿರಲಿ, ಎತ್ತರ 1.1 ಮೀಟರ್‌ಗೆ ಕಡಿಮೆ ಬೇಡ, ಕೆಳಗಿನದೂ ಸೇರಿ ಯಾವ ಸಂದಿಯೂ 89 ಮಿ.ಮೀ. ಮೀರದಿರಲಿ. ಪೂರ್ತಿ ಬದಲಿಸುವ ಹಣ ಸದ್ಯಕ್ಕಿಲ್ಲವಾದರೆ ಇರುವ ಕಂಬಿಯ ಒಳಮೈಗೆ ಬೆರಳು ಮಾತ್ರ ತೂರುವ ಸಣ್ಣ ಕಣ್ಣಿನ ಬೆಸುಗೆ ಜಾಲರಿ ಹಾಕಿಸಿ. ದೊಡ್ಡ ಕಣ್ಣಿನ ಜಾಲರಿ ಬೇಡ, ಕಾಲಿಟ್ಟು ಹತ್ತುತ್ತಾರೆ. ಕಂಬಿಗೆ ತಗುಲಿಸಿ ಬೆಂಚು, ಕಸದ ಡಬ್ಬ, ಹೂಕುಂಡ ಇಟ್ಟಿದ್ದರೆ ಇಂದೇ ಒಂದೂವರೆ ಮೀಟರ್ ಹಿಂದಕ್ಕೆ ಸರಿಸಿ. ಬೆಂಚಿನ ಮೇಲೆ ನಿಂತ ಮಗುವಿಗೆ 1.1 ಮೀಟರಿನ ಕಂಬಿ ಸೊಂಟಕ್ಕಿಂತ ಮೇಲೆ ಬರುವುದೇ ಅನುಮಾನ. ಜನ ಅಲ್ಲೇ ಮಗುವನ್ನು ಎತ್ತಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆಂಬುದು ನಿಮಗೂ ಗೊತ್ತಿರುವ ಸಂಗತಿ.

ಕೆರೆಯ ದಡದಲ್ಲಿ ನೋಡುವ ಲೈಫ್ ಜಾಕೆಟ್ ರಾಶಿಯಲ್ಲಿ ಮಕ್ಕಳ ಅಳತೆಯವು ತೀರಾ ಕಡಿಮೆ. ದೊಡ್ಡದನ್ನು ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ತೊಡಿಸಿದ ಮೇಲೆ ಎರಡೂ ಭುಜಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ: ಗಲ್ಲ, ಕಿವಿ ಜಾಕೆಟ್ಟಿನೊಳಗೆ ಮುಳುಗಿದರೆ ಅದು ಆ ಮಗುವಿನದಲ್ಲ. ಕಾಲ ಸಂದಿಯಿಂದ ಬರುವ ಪಟ್ಟಿ ಇರಲೇಬೇಕು. ಕಿತ್ತುಹೋಗಿದ್ದರೆ ಜಾಕೆಟ್ ಪಕ್ಕಕ್ಕಿಡಿ. ಬರೀ 50 ನ್ಯೂಟನ್ ತೇಲುಬಲದವು ಈಜು ಬಲ್ಲವರಿಗೆ ಮಾತ್ರ. ಈಜು ಬಾರದ ಮಗುವಿಗೆ 100 ನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚಿನದು, ತಲೆಯನ್ನು ಎತ್ತಿಹಿಡಿಯುವ ಕಾಲರ್ ಇರುವಂಥದ್ದು ಬೇಕು. ಬೆಟ್ಟದ ಕೆರೆಯ ನೀರು ತಣ್ಣಗಿರುತ್ತದೆ. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿಗೆ ಬಿದ್ದ ಯಾರೇ ಆದರೂ ಒಮ್ಮೆಲೇ ಏದುಸಿರೆಳೆಯುತ್ತಾರೆ. ಆ ಮೊದಲ ಉಸಿರಿನಲ್ಲೇ ನೀರು ಒಳಹೋಗುತ್ತದೆ. ಈಜು ಬಲ್ಲವರೂ ಮುಳುಗುವುದು ಹೀಗೆ.

ಕುದುರೆ ಸವಾರಿಯಲ್ಲಿ ಮಗು ಬೀಳುವುದಕ್ಕಿಂತ, ಬಿದ್ದ ಮಗುವಿನ ಪಾದ ರಿಕಾಪಿನಲ್ಲಿ (ಜೀನಿನಿಂದ ಇಳಿಬಿದ್ದ, ಪಾದವಿಡುವ ಬಳೆಯಲ್ಲಿ) ಸಿಕ್ಕಿಕೊಂಡು ಕುದುರೆ ಎಳೆದೊಯ್ಯುವುದು ಭಯಾನಕ. ದೊಡ್ಡವರ ರಿಕಾಪಿನಲ್ಲಿ ಮಗುವಿನ ಪಾದ ಪೂರ್ತಿ ಆಚೆ ತೂರುತ್ತದೆ. ಕಾಲು ಎಟುಕದಿದ್ದಾಗ ರಿಕಾಪಿನ ಮೇಲಿನ ತೊಗಲು ಪಟ್ಟಿಯ ಸಂದಿಗೇ ಪಾದ ಸೇರಿಸುವ ರೂಢಿಯಂತೂ ಇನ್ನೂ ಕೆಟ್ಟದ್ದು. ಪಾದದ ಅಗಲಕ್ಕಿಂತ ಸುಮಾರು ಎರಡೂವರೆ ಸೆಂ.ಮೀ. ಮಾತ್ರ ಹೆಚ್ಚಿರುವ, ಮುಂದೆ ಮುಚ್ಚಿದ ಮಕ್ಕಳ ರಿಕಾಪು ಹಾಕಿಸಿ. ಚಪ್ಪಲಿಯಲ್ಲಿ ಸವಾರಿ ಬೇಡ, ಸಣ್ಣ ಹಿಮ್ಮಡಿಯಿರುವ ಮುಚ್ಚಿದ ಶೂ ಬೇಕು. ಮಗುವನ್ನು ಜೀನಿಗೆ ಕಟ್ಟಬೇಡಿ. ದೊಡ್ಡವರು ಮುಂದೆ ಮಗುವನ್ನು ಕೂರಿಸಿಕೊಂಡರೆ ಬೀಳುವಾಗ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ. ಕುದುರೆಗೂ ಅದು ಹೊರೆ. ಸವಾರ, ಜೀನು ಸೇರಿ ಕುದುರೆಯ ತೂಕದ ಶೇ. 20 ಮೀರಬಾರದೆಂಬುದು ಬಹಳ ಕಡೆ ಪಾಲಿಸುವ ಲೆಕ್ಕ. ಒಂದು ಕುದುರೆಗೆ ಹಗ್ಗ ಹಿಡಿಯಲು ಒಬ್ಬರು. ಮೂರನ್ನು ಸಾಲಾಗಿ ಕಟ್ಟಿ ಒಬ್ಬರೇ ನಡೆಸಿದರೆ ಮೊದಲನೆಯದು ಬೆದರಿದಾಗ ಮೂರೂ ಬೆದರುತ್ತವೆ.

ಹಿಮ ಬೀಳುವ ಊರಿನವರಿಗೆ ಎರಡೇ ಮಾತು. ಜಾರುಬಂಡಿಯಲ್ಲಿ ಕಾಲು ಮುಂದಾಗಿ ಕೂತೇ ಜಾರಬೇಕು, ತಲೆ ಮುಂದೆ ಮಾಡಿ ಮಲಗಿ ಅಲ್ಲ. ಇಳಿಜಾರಿನ ಕೊನೆಯಲ್ಲಿ ತಾನಾಗಿ ನಿಲ್ಲುವಷ್ಟು ಉದ್ದದ, ಮರವಿಲ್ಲದ, ರಸ್ತೆಯಿಲ್ಲದ ಸಮತಟ್ಟು ಬೇಕು. ಕುರ್ಚಿ ಲಿಫ್ಟ್‌ಗಳಲ್ಲಿ 1.25 ಮೀಟರ್‌ಗಿಂತ ಗಿಡ್ಡ ಮಕ್ಕಳು ದೊಡ್ಡವರ ಜೊತೆಗೇ ಹೋಗಬೇಕೆಂಬ ನಿಯಮ ಆಲ್ಪ್ಸ್ ಪರ್ವತದ ಹಲವು ಕಡೆ ಇದೆ. ಅಲ್ಲಿ ಬಾಗಿಲಲ್ಲಿ ಅಳೆಯುವುದು ಎತ್ತರವನ್ನೇ ಎಂಬುದನ್ನು ಗಮನಿಸಿ.

ಸಲಕರಣೆ ಎಲ್ಲ ಸರಿಯಿದ್ದರೂ ಬೆಟ್ಟ ಬೆಟ್ಟವೇ. ಅದರ ಬಗ್ಗೆ ಬರುವವರಿಗೆ ತಿಳಿಸಬೇಕಾದವರು ನೀವು. ಪ್ರತಿ 1000 ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಅತಿನೇರಳೆ ಕಿರಣ ಸುಮಾರು ಶೇ. 10 ಹೆಚ್ಚುತ್ತದೆ. ತಣ್ಣಗಿದೆಯೆಂದು ಟೋಪಿಯಿಲ್ಲದೆ ಬಿಟ್ಟ ಮಗುವಿನ ಮೂಗು, ಕಿವಿ ಸಂಜೆಗೆ ಸುಟ್ಟಿರುವುದು ಇದರಿಂದ. ತಿರುವುಗಳ ರಸ್ತೆಯಲ್ಲಿ ವಾಂತಿ ಹೆಚ್ಚಾಗಿ ಕಾಡುವುದು 2ರಿಂದ 12 ವರ್ಷದವರನ್ನು. ಗಾಡಿಯಿಂದ ಇಳಿದ ಮಗುವಿಗೆ ಒಂದು ಗಂಟೆ ನೆಲದ ಮೇಲೆ ಓಡಾಡಲು ಜಾಗ, ನೀರು, ಶೌಚಾಲಯ ಊರ ಬಾಗಿಲಲ್ಲೇ ಸಿಗಬೇಕು. ಈಗ ಅಲ್ಲಿ ಸಿಗುವುದು ಪಾರ್ಕಿಂಗ್ ರಸೀದಿ ಮಾತ್ರ.

ರೋಪ್‌ವೇಯಲ್ಲಿ ಕಿವಿ ನೋವು ಏರುವಾಗಿನದಕ್ಕಿಂತ ಇಳಿಯುವಾಗ ಜಾಸ್ತಿ. ಏರುವಾಗ ನಡುಗಿವಿಯ ಗಾಳಿ ತಾನಾಗಿ ಹೊರಹೋಗುತ್ತದೆ, ಇಳಿಯುವಾಗ ಒಳಬರಲು ನುಂಗಬೇಕು, ಆಕಳಿಸಬೇಕು. ನಿದ್ದೆ ಹೋದ ಕೂಸು ನುಂಗುವುದಿಲ್ಲ. ಇಳಿಯುವ ಮೊದಲು ಎಬ್ಬಿಸಿ, ಹಾಲೂಡಿಸಿ ಅಥವಾ ನೀರು ಕುಡಿಸಿ, ನೆಗಡಿ ಕಟ್ಟಿದ್ದರೆ ಹತ್ತುವ ಮುನ್ನವೇ ಯೋಚಿಸಿ ಎಂಬ ಮೂರು ಸಾಲು ಟಿಕೆಟ್ಟಿನ ಹಿಂಬದಿಯಲ್ಲಿ ಅಚ್ಚಾಗಲಿ.

2500 ಮೀಟರ್ ದಾಟಿದ ಊರುಗಳಲ್ಲಿ ಎತ್ತರದ ಕಾಯಿಲೆಯ ಮಾತು ಬರುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು. ದೊಡ್ಡವರು ತಲೆನೋವು, ವಾಕರಿಕೆ ಎಂದು ಹೇಳುತ್ತಾರೆ. ಮಾತು ಬಾರದ ಕೂಸು ಏನು ಹೇಳೀತು? ಅದಕ್ಕೇ ಎತ್ತರದ ಕಾಯಿಲೆ ಗುರುತಿಸಲು ವೈದ್ಯರು ಬಳಸುವ ಲೇಕ್ ಲೂಯಿಸ್ ಮಾಪನದ ಮಕ್ಕಳ ರೂಪದಲ್ಲಿ ಕಾರಣವಿಲ್ಲದ ಕಿರಿಕಿರಿಯ ಜೊತೆಗೆ ಊಟ, ಆಟ, ನಿದ್ದೆ ಹೇಗಿದೆ ಎಂದು ನೋಡುತ್ತಾರೆ. ಇದನ್ನೇ ವಸತಿಗೃಹದ ಕೋಣೆಯ ಬಾಗಿಲ ಹಿಂದೆ ಅಂಟಿಸಬಹುದು: ತಲುಪಿದ ಕೆಲವು ಗಂಟೆಗಳಲ್ಲಿ ಮಗು ಆಟ ಬಿಟ್ಟು, ಊಟ ಬಿಟ್ಟು, ಸಮಾಧಾನವಾಗದೆ ಅಳುತ್ತಿದ್ದರೆ ಇನ್ನೂ ಮೇಲಕ್ಕೆ ಹೋಗಬೇಡಿ, ಹೆಚ್ಚಾದರೆ ಕೆಳಗಿಳಿಸಿ, ವೈದ್ಯರಿಗೆ ತೋರಿಸಿ. ಹಟದ ಮಗುವೆಂದು ಬೈದು, ಅದೇ ಸ್ಥಿತಿಯಲ್ಲಿ ಮರುದಿನದ ಎತ್ತರದ ತಾಣಕ್ಕೆ ಎತ್ತಿಕೊಂಡು ಹೋಗುವುದು ನಡೆಯುತ್ತಿದೆ.

ವೇಳಾಪಟ್ಟಿಯ ಬಗ್ಗೆಯೂ ಕೋರಿಕೆ ಇದೆ. ಬೆಟ್ಟದ ಇಳಿಜಾರು ಕಾದು ಗಾಳಿ ಮೇಲೇರುವುದರಿಂದ ಗುಡುಗು ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಮಕ್ಕಳ ಹೊರಾಂಗಣ ಚಟುವಟಿಕೆ ಬೆಳಗ್ಗೆಯೇ ಮುಗಿಯುವಂತೆ ಕುಟುಂಬಗಳಿಗೆ ಮೊದಲ ಸರದಿ ಕೊಡಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಆಗ ತಂತಿ, ದೋಣಿ, ಬಯಲಿನ ಆಟ ಎಲ್ಲ ನಿಲ್ಲಿಸಿ, ಕೊನೆಯ ಗುಡುಗಾದ 30 ನಿಮಿಷದ ನಂತರವೇ ತೆರೆಯಿರಿ. ನಿಲ್ಲಿಸಿದಾಗ ಟಿಕೆಟ್ ಹಣ ಮರಳಿಸುವ ನಿಯಮವೂ ಜೊತೆಗಿರಲಿ. ಹಣ ವಾಪಸಿಲ್ಲ ಎಂದಿದ್ದರೆ ಗುಡುಗುತ್ತಿರುವಾಗಲೂ ‘ಒಂದು ಸುತ್ತು ಮುಗಿಸಿಬಿಡಿ’ ಎಂದು ಒತ್ತಾಯಿಸುವವರು ಪೋಷಕರೇ.

ನಡೆಯುವ ದಾರಿಗಳ ಫಲಕದಲ್ಲಿ ‘ಜಲಪಾತಕ್ಕೆ 1 ಗಂಟೆ’ ಎಂದಷ್ಟೇ ಇದ್ದರೆ ಅದು ಯಾರ ಒಂದು ಗಂಟೆ? ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ, ಗಂಟೆಗೆ 5 ಕಿ.ಮೀ. ಮತ್ತು ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ, ಗಟ್ಟಿಮುಟ್ಟಾದ ದೊಡ್ಡವರದು. ಐದು ವರ್ಷದ ಮಗು ಕಂಬಳಿಹುಳ ಕಂಡಲ್ಲೆಲ್ಲ ನಿಲ್ಲುತ್ತದೆ, ನಿಲ್ಲಬೇಕು ಕೂಡ. ಸಮಯದ ಬದಲು ದೂರ ಎಷ್ಟು ಕಿ.ಮೀ., ಏರಿಕೆ ಎಷ್ಟು ಮೀಟರ್, ನಡುವೆ ಎಲ್ಲಿಂದ ರಸ್ತೆಗೆ ಇಳಿಯಬಹುದು, ನೀರು ಎಲ್ಲಿದೆ ಎಂದು ಬರೆಸಿ. ಬೆನ್ನಿನ ಚೀಲದಲ್ಲಿ ಕೂಸನ್ನು ಹೊತ್ತವರಿಗೆ ಒಂದು ಎಚ್ಚರಿಕೆಯೂ ಅಲ್ಲಿರಲಿ: ಹೊತ್ತವರು ಬೆವರುತ್ತಿರುತ್ತಾರೆ, ಅಲುಗಾಡದೆ ಕೂತ ಕೂಸು ತಣ್ಣಗಾಗುತ್ತಿರುತ್ತದೆ. ಅರ್ಧ ಗಂಟೆಗೊಮ್ಮೆ ಇಳಿಸಿ, ಕಾಲ್ಬೆರಳು ಮುಟ್ಟಿ ನೋಡಿ, ಕಾಲಾಡಿಸಲು ಬಿಡಿ.

ಕಳೆದುಹೋದ ಮಗುವಿನ ವಿಷಯದಲ್ಲಿ ಬೇರೆಯವರು ದುಬಾರಿ ಬೆಲೆ ತೆತ್ತು ಕಲಿತ ಪಾಠವಿದೆ. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ದಾರಿ ತಪ್ಪಿದ 9 ವರ್ಷದ ಬಾಲಕ ಬದುಕಿ ಸಿಗಲಿಲ್ಲ. ಆ ದುರಂತದ ನಂತರ, ದಾರಿ ತಪ್ಪಿದೆ ಅನಿಸಿದೊಡನೆ ಹತ್ತಿರದ ಮರವನ್ನು ಅಪ್ಪಿಕೊಂಡು ಅಲ್ಲೇ ಇರಬೇಕೆಂದು ಮಕ್ಕಳಿಗೆ ಕಲಿಸುವ ಕಾರ್ಯಕ್ರಮ ಅಲ್ಲಿ ಹುಟ್ಟಿತು. ನಡೆಯುತ್ತಾ ಹೋಗುವ ಮಗುವನ್ನು ಹುಡುಕುವುದಕ್ಕಿಂತ ಒಂದೆಡೆ ನಿಂತ ಮಗುವನ್ನು ಹುಡುಕುವುದು ಎಷ್ಟೋ ಸುಲಭ. ಪ್ರತಿ ದಾರಿಯ ಬಾಯಲ್ಲಿ ಇದನ್ನು ಚಿತ್ರದಲ್ಲಿ ತೋರಿಸಿ. ಪ್ರವೇಶದಲ್ಲಿ ಮಗುವಿಗೊಂದು ಸೀಟಿ ಕೊಟ್ಟು, ತಪ್ಪಿಸಿಕೊಂಡರೆ ಮೂರು ಸಲ ಊದು, ನಿಲ್ಲಿಸು, ಮತ್ತೆ ಮೂರು ಸಲ ಊದು ಎಂದು ಹೇಳಿಕೊಡಿ. ಪೋಷಕರ ಫೋನ್ ನಂಬರನ್ನು ಮಗುವಿನ ಮುಂಗೈಗೆ ಬರೆಯಲು ಅಳಿಸದ ಪೆನ್ನೊಂದು ಕಿಟಕಿಯಲ್ಲಿರಲಿ. ಹುಡುಕಾಟಕ್ಕೆ ಯಾರಿಗೆ ಮೊದಲ ಕರೆ, ಎಲ್ಲಿ ಸೇರುವುದು ಎಂಬುದು ಅಂಗಡಿಯವರಿಂದ ಹಿಡಿದು ಕುದುರೆಯವರವರೆಗೆ ಎಲ್ಲರಿಗೂ ಗೊತ್ತಿರಬೇಕು. ಮೊದಲ ಗಂಟೆ ಪೋಷಕರು ತಾವೇ ಓಡಾಡಿ ಕಳೆಯುವುದರಿಂದ ಹುಡುಕಬೇಕಾದ ಜಾಗ ದೊಡ್ಡದಾಗುತ್ತಾ ಹೋಗುತ್ತದೆ.

ಇಷ್ಟೂ ಒಂದೇ ದಿನದಲ್ಲಿ ಆಗಲಿ ಎನ್ನುವುದಿಲ್ಲ. ಆದರೆ ನಾಳೆ ಬೆಳಗ್ಗೆಯೇ ಆಗಬಹುದಾದದ್ದಿದೆ. ಪ್ರತಿ ಟಿಕೆಟ್ ಕಿಟಕಿಯ ಪಕ್ಕ ಒಂದು ತೂಕದ ಯಂತ್ರ, ಗೋಡೆಯ ಮೇಲೆ ಬಣ್ಣದಲ್ಲಿ ಗುರುತಿಸಿದ ಎತ್ತರದ ಅಳತೆಗೋಲು. ಫಲಕದಲ್ಲಿ ವಯಸ್ಸಿನ ಸಾಲು ಅಳಿಸಿ, ತಯಾರಕರ ಕೈಪಿಡಿಯ ಕನಿಷ್ಠ ತೂಕ, ಗರಿಷ್ಠ ತೂಕ, ಎತ್ತರ ಬರೆಸುವುದು. ಹಣ ಪಡೆಯುವ ಮುಂಚೆಯೇ ಅಳೆಯುವುದು; ಟಿಕೆಟ್ ಹರಿದ ಮೇಲೆ ‘ಆಗುವುದಿಲ್ಲ’ ಎಂದರೆ ಮಗುವಿನ ಅಳು, ಪೋಷಕರ ಜಗಳ, ಕೊನೆಗೆ ಸಿಬ್ಬಂದಿಯೇ ಸೋತು ಒಳಬಿಡುವುದು. ಇಲ್ಲ ಎಂದ ಸಿಬ್ಬಂದಿಯ ಬೆನ್ನಿಗೆ ಮಾಲೀಕರು ನಿಲ್ಲಬೇಕು. ಮತ್ತು ಒಳಬಿಡಲಾಗದ ಮಗುವಿಗೆ ಅಲ್ಲೇ ಹತ್ತಿರದಲ್ಲಿ ಅದರ ಅಳತೆಯ ಏನಾದರೂ ಇರಲಿ: ನೆಲದಿಂದ ಮೊಣಕಾಲೆತ್ತರದ ಹಗ್ಗದ ದಾರಿ, ದಪ್ಪ ಮರಳಿನ ಹಾಸಿನ ಮೇಲೊಂದು ಪುಟ್ಟ ತಂತಿಯ ಜೋಕಾಲಿ.

ಪರವಾನಗಿ ಕೊಡುವವರಲ್ಲಿ ನಮ್ಮ ಮುಖ್ಯ ಕೋರಿಕೆ ಇದು. ಮಕ್ಕಳ ಅಳತೆಯ ಸಲಕರಣೆ ಎಷ್ಟಿವೆ ಎಂದು ಎಣಿಸಿ, ಅಷ್ಟೇ ಮಕ್ಕಳಿಗೆ ಅನುಮತಿ ಕೊಡಿ. ಹಾರ್ನೆಸ್, ಹೆಲ್ಮೆಟ್, ಜಾಕೆಟ್ಟುಗಳ ಮೇಲೆ ತಯಾರಾದ ವರ್ಷ, ಬಳಕೆಗೆ ಇಳಿದ ದಿನಾಂಕ ಓದಲು ಬರುವಂತಿರಬೇಕು. ಬಿಸಿಲಿಗೆ ಬಣ್ಣ ಮಾಸಿ ಹೊಲಿಗೆ ಬಿಟ್ಟವನ್ನು ಕತ್ತರಿಸಿ ಎಸೆಸಿ, ಗೋದಾಮಿನಲ್ಲಿ ಇಟ್ಟರೆ ಜನಸಂದಣಿಯ ದಿನ ಹೊರಬರುತ್ತವೆ. ಪ್ರತಿ ಬೆಳಗಿನ ತಪಾಸಣೆಯ ಹಾಳೆ, ಪರೀಕ್ಷಿಸಿದವರ ಸಹಿ ಮತ್ತು ಸಮಯದೊಂದಿಗೆ, ಟಿಕೆಟ್ ಕಿಟಕಿಯ ಗಾಜಿಗೆ ಹೊರಮುಖವಾಗಿ ಅಂಟಿಸಿರಬೇಕು. ಅದಿಲ್ಲದ ದಿನ ಆ ಕಿಟಕಿ ತೆರೆಯಬಾರದು. ಮುಂದಿನ ರಜೆಯ ಸಾಲು ಬೆಳೆಯುವ ಮುನ್ನ ಇದರ ಬಗ್ಗೆ ಲಿಖಿತ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಬರುವವರ ಪರವಾಗಿ